ಬೋರು ಫೇಲಾದರೆ ತಾಲ್ಲೂಕಿನಲ್ಲೇ ನೀರಿಲ್ಲ ಅಂತೀರಾ?

ಹೋದ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪಿಯು ಕಾಲೇಜಿಗೆ ಮಾತಾಡಲು ಹೋಗಿದ್ದೆ. ನನ್ನ ಕೆಲಸ ರೇಡಿಯೊ ಖಗೋಳ ವಿಜ್ಞಾನ. ಅದರಲ್ಲೂ ಹೆಚ್ಚಾಗಿ ಪಲ್ಸಾರ್‌ಗಳು, ಅಂದರೆ ಗಿರಗಿರ ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರಗಳು. ಆದರೆ ಪ್ರಶ್ನೆ ಕೇಳಿ ಅಂದ ತಕ್ಷಣ ಪಲ್ಸಾರ್ ಯಾರಿಗೂ ಬೇಡ, ಎಲ್ಲರಿಗೂ ಏಲಿಯನ್‌ಗಳೇ ಬೇಕು. ಅದಕ್ಕೆ ನನಗೆ ಬೇಸರವಿಲ್ಲ. ನಾನೂ ಅದೇ ಕುತೂಹಲ ಹೊತ್ತು ಈ ಕೆಲಸಕ್ಕೆ ಬಂದವಳು.

ಹಿಂದಿನ ಸಾಲಿನಿಂದ ಒಬ್ಬರು ರಿಟೈರ್ಡ್ ಸೈನ್ಸ್ ಮೇಷ್ಟ್ರು ಎದ್ದರು. ‘ನೋಡಮ್ಮ, ಅರವತ್ತು ವರ್ಷದಿಂದ ಇಡೀ ಆಕಾಶ ಹುಡುಕಿದ್ದೀರಿ. ಏನೂ ಸಿಕ್ಕಿಲ್ಲ. ಅಂದಮೇಲೆ ಅಲ್ಲಿ ಯಾರೂ ಇಲ್ಲ ಅಂತ ತಾನೆ? ಒಪ್ಪಿಕೊಳ್ಳೋಕೆ ಏನು ಕಷ್ಟ?’

ಈ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಮದುವೆ ಮನೆಯಲ್ಲಿ, ರೈಲಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ. ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ: ‘ನಿಮಗೆ ಸಿಕ್ಕಿದೆ, ಮುಚ್ಚಿಟ್ಟಿದ್ದೀರಿ.’ ಎರಡೂ ಮಾತಿನ ಬುಡದಲ್ಲಿ ಇರುವ ತಪ್ಪು ಒಂದೇ. ಆಕಾಶವನ್ನು ನಾವು ಜಾಲಾಡಿ ಮುಗಿಸಿದ್ದೇವೆ ಅನ್ನುವ ನಂಬಿಕೆ. ಮುಗಿಸುವುದಿರಲಿ, ಸರಿಯಾಗಿ ಶುರುವೂ ಮಾಡಿಲ್ಲ.

‘ಮೇಷ್ಟ್ರೇ, ಜಮೀನಿದೆಯಾ ನಿಮಗೆ? ಬೋರ್ ಹಾಕಿಸಿದ್ದೀರಾ?’ ಅಂತ ಕೇಳಿದೆ.

‘ಎರಡು ಹಾಕಿಸಿದೆ. ಎರಡೂ ಫೇಲು. 1,200 ಅಡಿ ಹೋದ್ರೂ ಬರೀ ಧೂಳು.’

‘ಹಾಗಾದ್ರೆ ನಿಮ್ಮ ತಾಲ್ಲೂಕಿನಲ್ಲಿ ನೀರೇ ಇಲ್ಲ?’

‘ಅದ್ಹೇಗಮ್ಮಾ? ಪಕ್ಕದ ಹೊಲದಲ್ಲಿ ಎರಡು ಇಂಚು ನೀರು ಬಿದ್ದಿದೆ.’

ಮಕ್ಕಳೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ನನಗೆ ಬೇಕಾಗಿದ್ದ ಉತ್ತರವನ್ನು ಅವರೇ ಕೊಟ್ಟಿದ್ದರು. ಬೋರಿನ ಬಾಯಿ ಆರೂವರೆ ಇಂಚು ಅಗಲ. ಅದು ಫೇಲಾದರೆ ನಿಮಗೆ ಗೊತ್ತಾಗುವುದು ಇಷ್ಟೇ: ಈ ಪಾಯಿಂಟಿನಲ್ಲಿ, ಇಷ್ಟು ಆಳದವರೆಗೆ, ಈ ಹೊತ್ತಿಗೆ ನೀರಿಲ್ಲ. ಇದು ಸಣ್ಣ ಸಂಗತಿಯಲ್ಲ. ಮುಂದಿನ ಪಾಯಿಂಟ್ ಎಲ್ಲಿ ಹಾಕಬಾರದು ಅಂತ ತಿಳಿಯುತ್ತದೆ. ಆದರೆ ಅದು ಇಡೀ ತಾಲ್ಲೂಕಿನ ಮಾತಲ್ಲ.

ಏಲಿಯನ್‌ಗಳ ರೇಡಿಯೊ ಸಿಗ್ನಲ್ ಹುಡುಕುವ ನಮ್ಮ ಮೊದಲ ಬೋರು ಬಿದ್ದದ್ದು 1960ರ ಏಪ್ರಿಲ್‌ನಲ್ಲಿ, ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ. ಫ್ರಾಂಕ್ ಡ್ರೇಕ್ ಅನ್ನುವ ಯುವ ವಿಜ್ಞಾನಿ 26 ಮೀಟರ್ ಅಗಲದ ರೇಡಿಯೊ ಟೆಲಿಸ್ಕೋಪಿನ ಡಿಶ್ಶನ್ನು ಎರಡೇ ಎರಡು ನಕ್ಷತ್ರಗಳ ಕಡೆ ತಿರುಗಿಸಿದರು, ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ. ಕೇಳಿದ್ದು 1420 ಮೆಗಾಹರ್ಟ್ಸ್ ಸುತ್ತಮುತ್ತ. ಜಲಜನಕ ತಾನಾಗಿಯೇ ಹೊಮ್ಮಿಸುವ ಫ್ರೀಕ್ವೆನ್ಸಿ ಅದು. ಖಗೋಳ ಬಲ್ಲ ಯಾರಿಗಾದರೂ ಅದು ಗೊತ್ತಿರುತ್ತದೆ ಅನ್ನುವ ಲೆಕ್ಕ. ಏನೂ ಸಿಗಲಿಲ್ಲ. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳು ಕಡಿಮೆ ಅಂದರೂ 10,000 ಕೋಟಿ.

ಆಮೇಲೆ ಹುಡುಕಾಟ ಎಷ್ಟೋ ಪಟ್ಟು ಬೆಳೆಯಿತು, ನಿಜ. ಹಾಗಾಗಿ ಈಗಿನ ಒಂದು ಒಳ್ಳೆಯ ಫಲಿತಾಂಶವನ್ನೇ ತೆಗೆದುಕೊಳ್ಳೋಣ. ಇಂಥ ಸಿಗ್ನಲ್ ಹುಡುಕುವ ‘ಬ್ರೇಕ್‌ಥ್ರೂ ಲಿಸನ್’ ತಂಡ 2020ರಲ್ಲಿ ಪ್ರಕಟಿಸಿದ್ದು. ಗ್ರೀನ್ ಬ್ಯಾಂಕ್ ಮತ್ತು ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪ್‌ಗಳಿಂದ 1,327 ಹತ್ತಿರದ ನಕ್ಷತ್ರಗಳನ್ನು ನೋಡಿದರು. ಎಲ್ಲವೂ ಸುಮಾರು 160 ಜ್ಯೋತಿರ್ವರ್ಷದ ಒಳಗಿನವು. ಅವರ ತೀರ್ಮಾನವನ್ನು ನನ್ನ ಮಾತಿನಲ್ಲಿ ಹೇಳಿದರೆ ಹೀಗೆ: ಈ ನಕ್ಷತ್ರಗಳ ಬಳಿ, 1.10ರಿಂದ 3.45 ಗಿಗಾಹರ್ಟ್ಸ್ ನಡುವೆ, ಸುಮಾರು 10 ಲಕ್ಷ ಕೋಟಿ ವಾಟ್ ಸಮನಾದ ಬಲದಲ್ಲಿ, ಹೆಚ್ಚುಕಡಿಮೆ ಸದಾ ಪ್ರಸಾರ ಮಾಡುತ್ತಿರುವ ಟ್ರಾನ್ಸ್‌ಮಿಟರ್ ಇಲ್ಲ.

ದಯವಿಟ್ಟು ಈ ವಾಕ್ಯವನ್ನು ನನ್ನ ಜೊತೆ ಇನ್ನೊಮ್ಮೆ ನಿಧಾನವಾಗಿ ಓದಿ. ಒಂದೊಂದು ತುಂಡೂ ಒಂದೊಂದು ಷರತ್ತು.

‘1.10ರಿಂದ 3.45 ಗಿಗಾಹರ್ಟ್ಸ್.’ ಅವರು 5 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದರೆ? ಕೇಳಿಸುವುದಿಲ್ಲ. ಲೇಸರ್ ಬಳಸುತ್ತಿದ್ದರೆ? ಕೇಳಿಸುವುದೇ ಇಲ್ಲ. ನಿಮ್ಮ ರೇಡಿಯೊ ಬೆಂಗಳೂರು ಸ್ಟೇಷನ್ನಿಗೆ ಹಾಕಿಟ್ಟು ಧಾರವಾಡ ಕೇಳಿಸುತ್ತಿಲ್ಲ, ಧಾರವಾಡವೇ ಇಲ್ಲ ಅನ್ನಲು ಆಗುತ್ತಾ?

‘10 ಲಕ್ಷ ಕೋಟಿ ವಾಟ್ ಸಮನಾದ ಬಲ.’ ಇದನ್ನು ಕೇಳಿ ಯಾರೂ ಗಾಬರಿಯಾಗಬೇಡಿ. ಪೋರ್ಟೊರಿಕೊದ ಅರೆಸಿಬೊದಲ್ಲಿದ್ದ ರೇಡಾರಿನ ನಿಜವಾದ ಶಕ್ತಿ 10 ಲಕ್ಷ ವಾಟ್ ಅಷ್ಟೆ. 305 ಮೀಟರ್ ಡಿಶ್ಶು ಅದನ್ನೆಲ್ಲ ಒಂದೇ ಕಡೆಗೆ ಒಟ್ಟುಗೂಡಿಸುತ್ತಿದ್ದುದರಿಂದ ಆ ದಿಕ್ಕಿನಲ್ಲಿ ಅದರ ಬಲ ಲಕ್ಷ ಕೋಟಿಗಳ ಲೆಕ್ಕಕ್ಕೆ ಏರುತ್ತಿತ್ತು. ಟಾರ್ಚಿನ ಬಲ್ಬು ಸಣ್ಣದೇ, ಹಿಂದಿನ ಕನ್ನಡಿ ಅದರ ಬೆಳಕನ್ನು ದೂರಕ್ಕೆ ಕಳಿಸುತ್ತದೆ ಅಲ್ವಾ, ಹಾಗೆ. ಅಂದರೆ ನಮಗೆ ಕೇಳಿಸಬೇಕಾದರೆ ಅವರು ಅರೆಸಿಬೊದಂಥ ಟಾರ್ಚು ಹಿಡಿದು ಸರಿಯಾಗಿ ನಮ್ಮ ಕಡೆಗೇ ಬಿಟ್ಟಿರಬೇಕು.

‘ಸದಾ.’ ಜನ ಬಿಟ್ಟುಬಿಡುವುದು ಈ ಪದವನ್ನೇ. ಒಂದು ನಕ್ಷತ್ರವನ್ನು ನೋಡುವುದು ಸಾಮಾನ್ಯವಾಗಿ ಐದು ನಿಮಿಷ, ಆಮೇಲೆ ಪಕ್ಕಕ್ಕೆ ಐದು ನಿಮಿಷ, ಮತ್ತೆ ವಾಪಸ್. ಹೀಗೆ ಮೂರು ಸಲ. ಒಟ್ಟು 15 ನಿಮಿಷ. ಆ ಹದಿನೈದು ನಿಮಿಷದಲ್ಲಿ ಆ ಕಡೆಯ ಟ್ರಾನ್ಸ್‌ಮಿಟರ್ ಆನ್ ಆಗಿರಬೇಕು. ನೀವು ಒಂದು ಮನೆಯ ಮುಂದೆ ಹದಿನೈದು ನಿಮಿಷ ನಿಂತಿರಿ, ಯಾರೂ ಹೊರಗೆ ಬರಲಿಲ್ಲ. ಮನೆ ಖಾಲಿ ಅಂತ ಬರೆದುಕೊಂಡು ಹೋಗುತ್ತೀರಾ?

ಹಾಗಂತ ಈ ಫಲಿತಾಂಶ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ತುಂಬಾ ಮುಖ್ಯವಾದದ್ದು. ಹತ್ತಿರದ ಸಾವಿರದ ಚಿಲ್ಲರೆ ನಕ್ಷತ್ರಗಳಿಂದ ಯಾರೂ ನಮ್ಮನ್ನು ಬಿಡದೆ ಕೂಗುತ್ತಿಲ್ಲ ಅಂತ ಈಗ ಧೈರ್ಯವಾಗಿ ಹೇಳಬಹುದು. 1960ರಲ್ಲಿ ಹಾಗೆ ಹೇಳಲು ಆಗುತ್ತಿರಲಿಲ್ಲ.

ಒಟ್ಟು ಎಷ್ಟು ಹುಡುಕಿದ್ದೇವೆ ಅಂತ ಲೆಕ್ಕ ಹಾಕಿದವರೂ ಇದ್ದಾರೆ. ಜೇಸನ್ ರೈಟ್, ಶುಭಂ ಕನೋಡಿಯಾ, ಎಮಿಲಿ ಲೂಬರ್ 2018ರಲ್ಲಿ ಅದನ್ನು ಮಾಡಿದರು. ದಿಕ್ಕು, ದೂರ, ಫ್ರೀಕ್ವೆನ್ಸಿ, ಬಲ, ಸಮಯ ಹೀಗೆ ಎಂಟು ಅಳತೆ ಇಟ್ಟುಕೊಂಡು, ಹುಡುಕಬೇಕಾದ್ದೆಲ್ಲ ಭೂಮಿಯ ಸಮುದ್ರಗಳಷ್ಟು ನೀರು ಅಂದುಕೊಂಡರೆ ಇದುವರೆಗೆ ನೋಡಿರುವುದು ಎಷ್ಟು ಅಂತ. ಉತ್ತರ ಬಂದದ್ದು ಸುಮಾರು 7,700 ಲೀಟರ್. ಬೆಂಗಳೂರಿನ ಬಡಾವಣೆಗಳಿಗೆ ಬರುತ್ತದಲ್ಲ, ಆ ನೀರಿನ ಟ್ಯಾಂಕರ್, ಹೆಚ್ಚುಕಡಿಮೆ ಅಂಥ ಒಂದು ಲೋಡು. ಎಲ್ಲ ಸಮುದ್ರಗಳಲ್ಲಿ ಒಂದು ಟ್ಯಾಂಕರ್ ನೀರು ಎತ್ತಿ ನೋಡಿ, ಇದರಲ್ಲಿ ಮೀನಿಲ್ಲ ಅಂದಂತೆ. ಅಳತೆಗಳನ್ನು ಬೇರೆ ರೀತಿ ಆರಿಸಿದರೆ ಸಂಖ್ಯೆ ಬದಲಾಗುತ್ತದೆ, ಅದನ್ನೂ ಹೇಳಬೇಕು. ಆದರೆ ಟ್ಯಾಂಕರ್ ಹೋಗಿ ಸಮುದ್ರವಂತೂ ಆಗುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ನಮ್ಮ ಭೂಮಿಯಂಥದ್ದೇ ಇನ್ನೊಂದು ಭೂಮಿ, ನಮ್ಮದೇ ಟೆಲಿಸ್ಕೋಪ್‌ಗಳು, ನಮ್ಮದೇ ತಂತ್ರಜ್ಞಾನ. ಅಲ್ಲಿಂದ ನಮ್ಮನ್ನು ಎಷ್ಟು ದೂರದವರೆಗೆ ಪತ್ತೆ ಹಚ್ಚಬಹುದು? 2025ರಲ್ಲಿ ಸೋಫಿಯಾ ಶೇಖ್ ಮತ್ತು ಜೊತೆಯವರು ಈ ಲೆಕ್ಕ ಮಾಡಿದರು. ಅರೆಸಿಬೊ ರೇಡಾರಿನಂಥದ್ದಾದರೆ ಸುಮಾರು 12,000 ಜ್ಯೋತಿರ್ವರ್ಷ. ನಮ್ಮ ಮೊಬೈಲ್ ಟವರುಗಳಿಂದ ಸೋರುವ ಸಿಗ್ನಲ್ಲಾದರೆ ಸುಮಾರು 4 ಜ್ಯೋತಿರ್ವರ್ಷ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇರುವುದೇ 4.2 ಜ್ಯೋತಿರ್ವರ್ಷದಲ್ಲಿ. ಇಷ್ಟು ಗಲಾಟೆ ಮಾಡಿಕೊಂಡು ಬದುಕುವ ನಾವು, ನಮ್ಮಂಥವರಿಗೆ ಪಕ್ಕದ ಮನೆಯಿಂದಲೂ ಕಾಣುವುದಿಲ್ಲ. ಆ ರೇಡಾರ್ ಕಾಣುತ್ತದೆ ಅಂದೆನಲ್ಲ, ಅದೂ ಸದಾ ಅಲ್ಲ. ಅದು ಒಂದು ಗ್ರಹದ ಕಡೆಗೋ ಕ್ಷುದ್ರಗ್ರಹದ ಕಡೆಗೋ ಬೀಮ್ ಬಿಡುತ್ತಿತ್ತು. ಅದೇ ನೇರದಲ್ಲಿ ದೂರದಲ್ಲಿ ಯಾರಾದರೂ ಇದ್ದರೆ ಅವರ ಮೇಲೆ ಅದು ಸ್ವಲ್ಪ ಹೊತ್ತು ಹಾದುಹೋಗುತ್ತದೆ. ಮತ್ತೆ ಆ ಕಡೆ ತಿರುಗದೆಯೂ ಇರಬಹುದು.

ಇಂಥದ್ದು ನಮಗೆ ಬಂದರೆ ಏನು ಮಾಡುತ್ತೇವೆ? ನಿಜ ಹೇಳಬೇಕೆಂದರೆ, ಪಕ್ಕಕ್ಕಿಡುತ್ತೇವೆ. ಅದಕ್ಕೆ ಕಾರಣ ಇದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬಯಲುಸೀಮೆಯ ಒಂದು ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಒಂದು ವಾರ ದಿನವೂ ರಾತ್ರಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಒಂದು ಸದ್ದು ಡೇಟಾದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಜೊತೆಯಲ್ಲಿದ್ದ ವಿದ್ಯಾರ್ಥಿನಿಗೆ ನಿದ್ದೆಯೇ ಇಲ್ಲ. ನಾನು ಅವಳಿಗೆ ಗಡಿಯಾರ ತೋರಿಸಿದೆ. ನಕ್ಷತ್ರಗಳು ದಿನಾ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ. ಆಕಾಶದಿಂದ ಬರುವ ಸದ್ದೂ ಹಾಗೆಯೇ ನಾಲ್ಕು ನಾಲ್ಕು ನಿಮಿಷ ಹಿಂದೆ ಸರಿಯಬೇಕು. 1930ರ ದಶಕದಲ್ಲಿ ಕಾರ್ಲ್ ಜಾನ್ಸ್ಕಿ ಆಕಾಶಗಂಗೆಯ ರೇಡಿಯೊ ಸದ್ದನ್ನು ಗುರುತಿಸಿದ್ದೇ ಈ ನಾಲ್ಕು ನಿಮಿಷದಿಂದ. ನಮ್ಮ ಸದ್ದು ಕದಲುತ್ತಿರಲಿಲ್ಲ. ಮುಂದಿನ ವಾರ ಅದು ಒಮ್ಮೆಲೇ ಬೆಳಗಿನ ಜಾವಕ್ಕೆ ಹಾರಿತು. ಯಾವ ನಕ್ಷತ್ರವೂ ಹಾಗೆ ಹಾರುವುದಿಲ್ಲ. ತ್ರೀ ಫೇಸ್ ಕರೆಂಟಿನ ಪಾಳಿ ಮಾತ್ರ ಹಾಗೆ ಬದಲಾಗುತ್ತದೆ.

ಕೈಯಲ್ಲಿ ಸಣ್ಣ ಆಂಟೆನಾ ಹಿಡಿದು ಕಡಲೆಕಾಯಿ ಹೊಲದ ಬದುವಿನ ಮೇಲೆ ನಡೆದೆವು. ಒಂದು ಪಂಪ್‌ಹೌಸಿನ ಮುಂದೆ ರಿಸೀವರಿನ ಮುಳ್ಳು ತುದಿ ಮುಟ್ಟಿತು. ಒಳಗೆ ಆಟೋ ಸ್ಟಾರ್ಟರ್. ಓಲ್ಟೇಜು ಸಾಲದೆ ಕಾಂಟ್ಯಾಕ್ಟರ್ ಚಟಪಟ ಅಂತ ಕಿಡಿ ಹಾರಿಸುತ್ತಿತ್ತು. ಆ ರೈತರು ಕೇಳಿದ್ದು ಇಷ್ಟು: ‘ಅಕ್ಕಾ, ನಮ್ಮ ಮೋಟ್ರಿಂದ ನಕ್ಷತ್ರಕ್ಕೇನು ತೊಂದ್ರೆ?’ ಕೂರಿಸಿ ವಿವರಿಸಿದೆ. ಹೊಸ ಕಾಂಟ್ಯಾಕ್ಟರ್ ನಾವೇ ಹಾಕಿಸಿಕೊಟ್ಟೆವು. ಬರುವಾಗ ಒಂದು ಚೀಲ ಹಸಿ ಕಡಲೆಕಾಯಿ ಕೊಟ್ಟು ಕಳಿಸಿದರು.

ಎಲ್ಲ ಕಡೆಯೂ ಇದೇ ಕತೆ. ಪಾರ್ಕ್ಸ್‌ನಲ್ಲಿ ವರ್ಷಗಟ್ಟಲೆ ತಲೆ ತಿನ್ನುತ್ತಿದ್ದ ಒಂದು ಬಗೆಯ ಸದ್ದು, ಮೈಕ್ರೊವೇವ್ ಒಲೆ ನಿಲ್ಲುವ ಮೊದಲೇ ಅದರ ಬಾಗಿಲು ತೆಗೆದಾಗ ಬರುವಂಥದ್ದು ಅಂತ 2015ರಲ್ಲಿ ತಿಳಿಯಿತು. 2019ರಲ್ಲಿ ಪ್ರಾಕ್ಸಿಮಾ ಸೆಂಟಾರಿಯ ಕಡೆಯಿಂದ ಬಂದಂತಿದ್ದ 982 ಮೆಗಾಹರ್ಟ್ಸ್ ಸಿಗ್ನಲ್ ಕೂಡ ಕೊನೆಗೆ ನಮ್ಮದೇ ಉಪಕರಣಗಳದ್ದು ಅಂತ ಆಯಿತು. ಅದಕ್ಕೇ ನಮ್ಮ ನಿಯಮ ಕಟ್ಟುನಿಟ್ಟು. ಮತ್ತೆ ಬರಬೇಕು. ಅದೇ ಜಾಗದಿಂದ ಬರಬೇಕು. ಇನ್ನೊಂದು ಟೆಲಿಸ್ಕೋಪಿಗೂ ಕಾಣಬೇಕು. ಈ ನಿಯಮ ಬಿಟ್ಟರೆ ವಾರಕ್ಕೊಂದು ಏಲಿಯನ್ ಸಿಗುತ್ತದೆ. ಆದರೆ ಇದೇ ನಿಯಮದಿಂದ, ಒಂದೇ ಸಲ ಬಂದು ಹೋದ ನಿಜವಾದ ಸಿಗ್ನಲ್ಲೂ ಕೈತಪ್ಪಬಹುದು. 1977ರ ಆಗಸ್ಟ್ 15ರಂದು ಒಹಾಯೊದ ಟೆಲಿಸ್ಕೋಪಿನಲ್ಲಿ ಬಂದ ‘ವಾವ್’ ಸಿಗ್ನಲ್ 72 ಸೆಕೆಂಡು ಇತ್ತು. ಭೂಮಿ ತಿರುಗುವಾಗ ಆಕಾಶದ ಒಂದು ಚುಕ್ಕೆ ಆ ಟೆಲಿಸ್ಕೋಪಿನ ಮುಂದೆ ಹಾದುಹೋಗಲು ಹಿಡಿಯುವ ಸಮಯ ಅಷ್ಟೇ. ಮತ್ತೆ ಎಷ್ಟು ಹುಡುಕಿದರೂ ಬರಲಿಲ್ಲ. ಅದು ಏಲಿಯನ್ನರದು ಅಂತ ನಾನು ಹೇಳುವುದಿಲ್ಲ, ಹೇಳಲು ಆಧಾರವಿಲ್ಲ.

‘ಹಾಗಾದರೆ ನಿಮ್ಮ ಅಭಿಪ್ರಾಯ ಏನು?’ ಅಂತ ಕೇಳುತ್ತೀರಿ. ಭೌತವಿಜ್ಞಾನಿ ಎನ್ರಿಕೊ ಫರ್ಮಿ 1950ರಲ್ಲಿ ಊಟದ ಹೊತ್ತಿಗೆ ಎತ್ತಿದ ಪ್ರಶ್ನೆ, ಎಲ್ಲರೂ ಎಲ್ಲಿ ಅನ್ನುವುದು, ಗಟ್ಟಿ ಪ್ರಶ್ನೆಯೇ. ಸಾಕಷ್ಟು ಹಳೆಯ ನಾಗರಿಕತೆಗಳು ಇದ್ದಿದ್ದರೆ ಇಷ್ಟು ಹೊತ್ತಿಗೆ ಇಲ್ಲಿಗೇ ಬಂದಿರಬೇಕಿತ್ತು ಅಂತ ಖಗೋಳ ವಿಜ್ಞಾನಿ ಮೈಕಲ್ ಹಾರ್ಟ್ 1975ರಲ್ಲಿ ವಾದಿಸಿದರು. ಅದು ಪ್ರಯಾಣದ ವಾದ, ರೇಡಿಯೊ ಹುಡುಕಾಟದ ಫಲಿತಾಂಶವಲ್ಲ. ಎರಡನ್ನೂ ಕಲಸಬೇಡಿ. ನನ್ನ ಅಂದಾಜು ಕೇಳಿದರೆ, ಸೂಕ್ಷ್ಮಜೀವಿಗಳು ಅಲ್ಲಲ್ಲಿ ಇರಬಹುದು, ರೇಡಿಯೊ ಕಟ್ಟುವವರು ತುಂಬಾ ವಿರಳ. ಭೂಮಿಯಲ್ಲೇ ಜೀವ ಶುರುವಾಗಿ ಸುಮಾರು 350 ಕೋಟಿ ವರ್ಷವಾದರೂ ಆಗಿದೆ, ರೇಡಿಯೊ ಬಂದು ಇನ್ನೂ 130 ವರ್ಷ. ಜಾತ್ರೆ ಒಂದೇ ದಿನ ಇರುತ್ತದೆ, ಬಯಲು ವರ್ಷಪೂರ್ತಿ ಇರುತ್ತದೆ. ನಾವು ಹೋದ ದಿನವೇ ತೇರು ಎಳೆಯುತ್ತಿರಬೇಕು ಅಂದರೆ ಹೇಗೆ? ಇದು ಬರೀ ಅಂದಾಜು. ಇದಕ್ಕೆ ವಿಜ್ಞಾನದ ಮುದ್ರೆ ಒತ್ತಲು ನಾನು ತಯಾರಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದರು. ಫೋನಿನಲ್ಲಿ ಒಂದು ಹಳೆಯ ಸುದ್ದಿ ತೆಗೆದು ನನ್ನ ಮುಂದಿಟ್ಟರು. ಒಂದು ಕೋಟಿ ನಕ್ಷತ್ರಗಳನ್ನು ಹುಡುಕಿದರೂ ಏಲಿಯನ್ ಸುಳಿವಿಲ್ಲ ಅಂತಿತ್ತು. 2020ರದು, ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಟೆಲಿಸ್ಕೋಪಿನ ಫಲಿತಾಂಶ. ನನಗೆ ಚೆನ್ನಾಗಿ ಗೊತ್ತಿರುವ ಟೆಲಿಸ್ಕೋಪ್ ಅದು. ಅದರ ಡಿಜಿಟಲ್ ರಿಸೀವರುಗಳು ತಯಾರಾದದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

‘ನೀವೇ ಓದಿ ಮೇಷ್ಟ್ರೇ, ಯಾವ ಫ್ರೀಕ್ವೆನ್ಸಿ ಅಂತಿದೆ?’

ಕನ್ನಡಕ ಹಾಕಿಕೊಂಡು ಹುಡುಕಿದರು. ‘ಎಫ್‌ಎಂ ರೇಡಿಯೊ ಆಸುಪಾಸು ಅಂತಿದೆ.’

‘98ರಿಂದ 128 ಮೆಗಾಹರ್ಟ್ಸ್. ಎಷ್ಟು ಹೊತ್ತು ನೋಡಿದರಂತೆ?’

‘17 ಗಂಟೆ.’ ಅವರು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಿದ್ದರು. ‘ಉಳಿದ ಹೊತ್ತು ಆ ಜಾಗ ಯಾರು ನೋಡ್ತಾ ಇರ್ತಾರಮ್ಮ?’

‘ಈ ಕೆಲಸಕ್ಕೆ ಅಂತ ಯಾರೂ ಇಲ್ಲ ಮೇಷ್ಟ್ರೇ.’

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ, ಮೂರನೇ ಬೋರಿಗೆ ಪಾಯಿಂಟು ನೋಡಲು ಭೂಗರ್ಭ ಇಲಾಖೆಯವರನ್ನೇ ಕರೆಸಬೇಕಾ ಅಂತ ಕೇಳಿದರು.