ಬ್ಯಾಕಪ್ ಫೈಲ್ ಕೆಡದಂತೆ ಕಾಪಾಡುವುದು ಹೇಗೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಸಣ್ಣ ಅಕ್ಕಿ ಗಿರಣಿ. ಪ್ರತಿ ಶನಿವಾರ ಲೆಕ್ಕಪತ್ರದ ಬ್ಯಾಕಪ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಡುತ್ತೇವೆ. ಮೊನ್ನೆ ಕಂಪ್ಯೂಟರ್ ಕೈಕೊಟ್ಟಾಗ ತೆರೆಯಲು ಹೋದರೆ ‘ಫೈಲ್ ಹಾಳಾಗಿದೆ’ ಎಂದು ಬಂತು. ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಮೊದಲು, ಆ ಪೆನ್‌ಡ್ರೈವ್‌ಗೆ ಇನ್ನು ಏನನ್ನೂ ಬರೆಯಬೇಡಿ. ಹಿಂದಿನ ವಾರದ ಫೈಲ್ ಅದರಲ್ಲಿದೆಯೇ ನೋಡಿ. ಬಹಳಷ್ಟು ಕಡೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತಾರೆ; ಆಗ ಕೆಟ್ಟ ಪ್ರತಿ ಒಳ್ಳೆಯದನ್ನು ನುಂಗಿಹಾಕುತ್ತದೆ. ಇನ್ನು ಮುಂದೆ ಹೆಸರಿನಲ್ಲಿ ತಾರೀಕು ಸೇರಿಸಿ, ನಾಲ್ಕು ವಾರದ ಪ್ರತಿಗಳನ್ನಾದರೂ ಉಳಿಸಿಕೊಳ್ಳಿ.

ನಕಲು ನಡೆಯುವಾಗ ಕರೆಂಟ್ ಹೋದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಪರದೆಯಲ್ಲಿ ಮುಗಿದಂತೆ ಕಂಡರೂ ಕೊನೆಯ ತುಣುಕು ಕಂಪ್ಯೂಟರಿನ ಮೆಮೊರಿಯಲ್ಲೇ ಉಳಿದಿರಬಹುದು. ‘ಎಜೆಕ್ಟ್’ ಒತ್ತದೆ ಕಿತ್ತರೆ ಅದು ಹೋದಂತೆಯೇ. ಜೊತೆಗೆ ನಮ್ಮ ಬಿಸಿಲು. ಪೆನ್‌ಡ್ರೈವ್ ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ, ಶಾಖ ಹೆಚ್ಚಿದಷ್ಟೂ ಅದು ಬೇಗ ಸೋರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಅದನ್ನು ತಿಂಗಳುಗಟ್ಟಲೆ ಇಡಬಾರದು.

ಕಷ್ಟವೆಂದರೆ, ಕೆಟ್ಟ ಫೈಲಿನ ಹೆಸರು, ಗಾತ್ರ, ತಾರೀಕು ಸರಿಯಾಗಿಯೇ ಕಾಣಬಹುದು. ಅದನ್ನು ಹಿಡಿಯುವುದು ಚೆಕ್‌ಸಮ್, ಅಂದರೆ ಫೈಲಿನೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಾಲು. ಉಚಿತವಾಗಿ ಸಿಗುವ ಸೆವೆನ್‌-ಜಿಪ್ ತಂತ್ರಾಂಶ ಹಾಕಿಕೊಂಡರೆ, ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಎಂಬ ಚೆಕ್‌ಸಮ್ ವಿಧಾನವನ್ನು ಆರಿಸಬಹುದು. ಅಂಕಿ, ಅಕ್ಷರ ಬೆರೆತ 64 ಚಿಹ್ನೆಗಳ ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಅಲ್ಪವಿರಾಮ ಬದಲಾದರೂ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಮೂಲ ಫೈಲಿನ ಸಾಲನ್ನು ಉಳಿಸಿಡಿ. ನಕಲು ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು, ಮತ್ತೆ ಹಾಕಿ, ಅದರಲ್ಲಿರುವ ಪ್ರತಿಯ ಸಾಲನ್ನು ತಾಳೆ ನೋಡಿ. ತೆಗೆದು ಹಾಕುವುದನ್ನು ಬಿಡಬೇಡಿ. ಇಲ್ಲವಾದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿರುವುದನ್ನೇ ಓದಿ ‘ಸರಿ’ ಎನ್ನಬಹುದು.

ಚೆಕ್‌ಸಮ್ ಕೆಟ್ಟಿದ್ದನ್ನು ತಿಳಿಸುತ್ತದೆ, ರಿಪೇರಿ ಮಾಡುವುದಿಲ್ಲ. ರಿಪೇರಿಗೆ ಇರುವ ಉಪಾಯ ನನಗೆ ತುಂಬಾ ಇಷ್ಟವಾದದ್ದು. ಮಿರ್ಚಿ ಅಂಗಡಿಯ ಗಾಜಿಗೆ ಅಂಟಿಸಿದ ಕ್ಯೂಆರ್ ಕೋಡ್ ನೋಡಿ: ಎಣ್ಣೆ ಬೆರಳಿನ ಗುರುತು, ಹಿಟ್ಟಿನ ಕಲೆ, ಒಂದು ಅಂಚು ಹರಿದಿದೆ. ಆದರೂ ಮೊಬೈಲ್ ಹಿಡಿದರೆ ದುಡ್ಡು ಹೋಗುತ್ತದೆ. ಕಳೆದ ಭಾಗವನ್ನು ಉಳಿದ ಭಾಗದಿಂದ ಲೆಕ್ಕ ಹಾಕಿ ತೆಗೆಯುವಷ್ಟು ಹೆಚ್ಚುವರಿ ಮಾಹಿತಿ ಆ ಚೌಕಗಳಲ್ಲಿರುತ್ತದೆ. ಇದು ರೀಡ್ ಮತ್ತು ಸಾಲಮನ್ ಎಂಬ ಅಮೆರಿಕದ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನ. ಮಲ್ಟಿಪಾರ್ ಎಂಬ ಉಚಿತ ತಂತ್ರಾಂಶ ಇದೇ ಗಣಿತದಿಂದ ನಿಮ್ಮ ಬ್ಯಾಕಪ್‌ಗೆ ‘ಪಾರ್2’ ಫೈಲುಗಳನ್ನು ಮಾಡಿಕೊಡುತ್ತದೆ. ಶೇ 10ರಷ್ಟು ಹೆಚ್ಚುವರಿ ಜಾಗ ಕೊಟ್ಟರೆ, ಅಲ್ಲಲ್ಲಿ ಕೆಟ್ಟ ಸಣ್ಣಪುಟ್ಟ ಭಾಗಗಳನ್ನು ಮತ್ತೆ ಕಟ್ಟಿಕೊಳ್ಳಬಹುದು.

ಪೆನ್‌ಡ್ರೈವೇ ಕಳೆದುಹೋದರೆ ಪಾರ್2 ಕೂಡ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಮಾಡಿ, ಸಿಂಧನೂರಿನಲ್ಲೋ ಕೊಪ್ಪಳದಲ್ಲೋ ಇರುವ ನೆಂಟರ ಮನೆಯಲ್ಲಿಡಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆರೆದು, ಕೊನೆಯ ಭತ್ತದ ಖರೀದಿ ಚೀಟಿಯನ್ನು ಕೈಯಲ್ಲಿ ಹಿಡಿದು, ಪರದೆಯ ಮೇಲಿನ ಮೊತ್ತ ಅದೇ ಇದೆಯೇ ಎಂದು ನೋಡಿ.