ಸೋಲಾರ್ ಬಿಸಿನೀರು: ಮೊದಲ ಬಕೆಟ್ ಯಾಕೆ ತಣ್ಣಗೆ?

ಲೇಹ್‌ನಲ್ಲಿ ಚಳಿಗಾಲ ಬಂತೆಂದರೆ ಪೈಪಿನೊಳಗಿನ ನೀರೇ ಗಡ್ಡೆ ಕಟ್ಟುತ್ತದೆ. ಹಾಗೆ ಕಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಪೈಪು ಒಡೆಯುತ್ತದೆ. ಮೈಸೂರು, ಮಂಡ್ಯದ ಧನುರ್ಮಾಸಕ್ಕೆ ಆ ಕಸುವಿಲ್ಲ. ನಮ್ಮ ತಾಪತ್ರಯ ಬೇರೆ: ತಾರಸಿಯ ಸೋಲಾರ್ ಟ್ಯಾಂಕಿನಲ್ಲಿ ಸುಡುವ ನೀರಿದ್ದರೂ ಬೆಳಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ಬರುವುದು ತಣ್ಣೀರು.

‘ಬರುವ ದಾರಿಯಲ್ಲೇ ಆರಿಹೋಗುತ್ತೆ, ಪೈಪಿಗೆ ಕವರ್ ಹಾಕಿಸಿ’ ಎನ್ನುವವರೇ ಹೆಚ್ಚು. ಲೆಕ್ಕ ಹಾಕಿದರೆ ಹಾಗಿಲ್ಲ. 60 ಡಿಗ್ರಿಯ ನೀರು ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನಲ್ಲಿ ನಿಮಿಷಕ್ಕೆ 6 ಲೀಟರಿನಂತೆ 15 ಮೀಟರ್ ಹರಿದು ಬಂದರೆ, ಹೊರಗೆ 16 ಡಿಗ್ರಿ ಚಳಿಯಿದ್ದರೂ, ಕಳೆದುಕೊಳ್ಳುವುದು ಒಂದೆರಡು ಡಿಗ್ರಿ ಅಷ್ಟೆ. ಆರುವುದು ಹರಿಯುವ ನೀರಲ್ಲ, ನಿಂತ ನೀರು. ಬರಿ ಪೈಪಿನಲ್ಲಿ ನಿಂತರೆ 15–20 ನಿಮಿಷಕ್ಕೆ 40 ಡಿಗ್ರಿಗೆ ಇಳಿಯುತ್ತದೆ. 13 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಕವಚ ಹಾಕಿದರೆ ಮುಕ್ಕಾಲು ಗಂಟೆ ತಡೆದೀತು. ಅಂದರೆ ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವೆ ಕವಚ ಕೆಲಸಕ್ಕೆ ಬರುತ್ತದೆ. ರಾತ್ರಿಯಿಡೀ ನಿಂತ ನೀರನ್ನು ಅದು ಕಾಯಲಾರದು.

ಮೊದಲು ಎಷ್ಟು ತಣ್ಣೀರು ಬರುತ್ತದೆ ಎಂಬುದು ಪೈಪಿನ ಉದ್ದ ಮತ್ತು ಅಗಲವನ್ನು ಅವಲಂಬಿಸಿದೆ. ಮೀಟರಿಗೆ ಅರ್ಧ ಇಂಚಿನ ಪೈಪು ಸುಮಾರು 120 ಮಿ.ಲೀ., ಮುಕ್ಕಾಲು ಇಂಚಿನದು 250 ಮಿ.ಲೀ., ಒಂದು ಇಂಚಿನದು 430 ಮಿ.ಲೀ. ನೀರು ಹಿಡಿಯುತ್ತದೆ. 15 ಮೀಟರಿಗೆ ಗುಣಿಸಿ: ಕ್ರಮವಾಗಿ 2, 4, 6.5 ಲೀಟರ್. ಪೈಪಿನ ಗೋಡೆಯನ್ನೂ ಬಿಸಿ ಮಾಡಬೇಕಾದ್ದರಿಂದ ನಿಜವಾಗಿ ಇನ್ನಷ್ಟು ಸುರಿದುಹೋಗುತ್ತದೆ. ‘ಫೋರ್ಸ್ ಚೆನ್ನಾಗಿರಲಿ’ ಎಂದು ಮೇಲಿಂದ ಕೆಳತನಕ ಒಂದಿಂಚು ಎಳೆಸಿದವರು ಪ್ರತಿ ಬೆಳಗ್ಗೆ ದಂಡ ಕಟ್ಟುತ್ತಾರೆ. ಹಂಡೆ ಒಲೆಯ ಬಚ್ಚಲಲ್ಲಿ ಈ ಪಾಡಿರಲಿಲ್ಲ. ಹಂಡೆಗೂ ಚೊಂಬಿಗೂ ನಡುವೆ ಪೈಪೇ ಇಲ್ಲವಲ್ಲ!

ಹೊಸ ಮನೆಯಾದರೆ ಟ್ಯಾಂಕನ್ನು ಬಚ್ಚಲುಮನೆಯ ನೇರ ಮೇಲೆ ಕೂರಿಸಿ. ಮುಖ್ಯ ಲೈನಿಗೆ ಮುಕ್ಕಾಲು ಇಂಚು, ಕೊನೆಯ ಕವಲಿಗೆ ಅರ್ಧ ಇಂಚು ಸಾಕು. ಮೇಲಂತಸ್ತಿನ ನಲ್ಲಿಗೂ ಟ್ಯಾಂಕಿಗೂ ನಡುವೆ ಎತ್ತರ ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ; ಅಲ್ಲಿ ಉದ್ದಕ್ಕೂ ಅರ್ಧ ಇಂಚು ಎಳೆದರೆ ನಲ್ಲಿ ಸೊರಗುತ್ತದೆ. ತಣ್ಣೀರಿಗೆ ಬಳಸುವ ಬಿಳಿ ಯುಪಿವಿಸಿ ಪೈಪು ಬೇಡ, ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ.

ಕವಚವನ್ನೂ ಹಾಕಿಸಿ, ಸರಿಯಾಗಿ ಹಾಕಿಸಿ. ಮುಕ್ಕಾಲು ಇಂಚಿನ ಸಿಪಿವಿಸಿಯ ಹೊರವ್ಯಾಸ 22 ಮಿ.ಮೀ.; ಕವಚದ ಒಳವ್ಯಾಸವೂ ಅಷ್ಟೇ ಇರಲಿ. ಸಡಿಲವಾದರೆ ಸಂದಿಯಲ್ಲಿ ಗಾಳಿಯಾಡುತ್ತದೆ. ಕವಚದ ಸೀಳಿದ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮಳೆನೀರು ಒಳಗಿಳಿದು ಕವಚ ಒದ್ದೆ ಬಟ್ಟೆಯಾಗುತ್ತದೆ. ಪ್ಲಂಬರ್ ಸಾಮಾನ್ಯವಾಗಿ ಬಿಟ್ಟುಬಿಡುವುದು ಎಲ್ಬೋ, ಟೀ, ವಾಲ್ವುಗಳನ್ನು. ಅವನ್ನು ತುಂಡು ಕತ್ತರಿಸಿ ಸುತ್ತಿಸಿ. ಬಿಸಿಲಿಗೆ ಬಿಟ್ಟ ನೈಟ್ರೈಲ್ ಕೆಲ ವರ್ಷದಲ್ಲಿ ಬಿರಿದು ಪುಡಿಯಾಗುತ್ತದೆ, ಉಳಿದದ್ದನ್ನು ಅಳಿಲು ಗೂಡಿಗೆ ಒಯ್ಯುತ್ತದೆ. ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಎರಡಕ್ಕೂ ತಡೆ. ಕ್ಲಾಂಪು ಬಿಗಿಯಬೇಡಿ: 10 ಮೀಟರ್ ಸಿಪಿವಿಸಿ 40 ಡಿಗ್ರಿ ಏರಿಕೆಗೆ ಸುಮಾರು 25 ಮಿ.ಮೀ. ಉದ್ದವಾಗುತ್ತದೆ, ಜಾಗ ಸಿಗದಿದ್ದರೆ ಜಾಯಿಂಟ್ ಸೀಳುತ್ತದೆ. ಟ್ಯಾಂಕಿನ ಗಾಳಿ ಪೈಪಿನ ಬಾಯಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು.