ಹೆಸರು ನೆಲದಲ್ಲಿರಬೇಕೋ, ಗೋಡೆಯ ಮೇಲೋ?

ಜರ್ಮನಿಯ ಬಹಳಷ್ಟು ಊರುಗಳಲ್ಲಿ ಮನೆಗಳ ಮುಂದಿನ ಫುಟ್‌ಪಾತ್‌ನಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳು ಕಾಣುತ್ತವೆ. ‘ಇಲ್ಲಿ ವಾಸವಿದ್ದರು’ ಎಂದು ಶುರುವಾಗುತ್ತದೆ. ಆಮೇಲೆ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ, ಕೊಂದ ಜಾಗ. ಅಷ್ಟೇ. ನಾಜಿಗಳಿಗೆ ಬಲಿಯಾದವರ ನೆನಪಿಗೆ ಹಾಕಿದ, ಹಿತ್ತಾಳೆ ಹೊದಿಸಿದ ಈ ಕಲ್ಲುಗಳಿಗೆ ‘ಸ್ಟೋಲ್ಪರ್‌ಸ್ಟೈನ್’, ಅಂದರೆ ಎಡವುವ ಕಲ್ಲು, ಎಂದು ಹೆಸರು. ಅಂಥ ಕಲ್ಲು ನಮ್ಮ ಬೀದಿಯಲ್ಲಿ ಬೇಡ ಎಂದು ಮ್ಯೂನಿಕ್ ಇಪ್ಪತ್ತು ವರ್ಷದಿಂದ ಹೇಳುತ್ತಿದೆ.

ಶುರುವಾದದ್ದು ಕೊಲೋನ್‌ನಲ್ಲಿ. 1940ರಲ್ಲಿ ಅಲ್ಲಿಂದ ಸಿಂಟಿ ಮತ್ತು ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯಗಳ ಸಾವಿರ ಜನರನ್ನು ನಾಜಿಗಳು ಸಾಗಿಸಿದ್ದರು. 1990ರಲ್ಲಿ ಕಲಾವಿದ ಗುಂಟರ್ ಡೆಮ್ನಿಗ್ ಆ ದಾರಿಯುದ್ದಕ್ಕೂ ಬಣ್ಣದ ಗುರುತು ಹಾಕಿದರು. ‘ನಮ್ಮ ಕಡೆ ಅಂಥವರು ಇರಲೇ ಇಲ್ಲವಲ್ಲ’ ಎಂದು ಒಬ್ಬ ಅಜ್ಜಿ ಅಂದರಂತೆ. ಅಜ್ಜಿ ಸುಳ್ಳು ಹೇಳಿರಲಿಕ್ಕಿಲ್ಲ, ಗೊತ್ತೇ ಇರಲಿಲ್ಲವೇನೋ. ಮೊದಲ ಕಲ್ಲು ಬಂದದ್ದು 1992ರಲ್ಲಿ. 1996ರಲ್ಲಿ ಬರ್ಲಿನ್‌ನ ಕ್ರೊಯ್ಟ್ಸ್‌ಬರ್ಗ್‌ನಲ್ಲಿ ಪರವಾನಗಿ ಕೇಳದೆಯೇ 51 ಕಲ್ಲು ಕೂರಿಸಿದರು. ಕ್ರಮೇಣ ಪರವಾನಗಿಯೂ ಸಿಕ್ಕಿತು, ಬೇರೆ ದೇಶಗಳಿಗೂ ಹಬ್ಬಿತು. ಬಲಿಯಾದ ಯಹೂದಿಗಳ ಜೊತೆಗೆ ರೋಮಾಗಳು, ಅಂಗವಿಕಲರು, ಸಲಿಂಗಿಗಳು, ನಾಜಿ ವಿರೋಧಿಗಳ ಹೆಸರೂ ಸೇರಿತು. 2023ರಲ್ಲಿ ಒಂದು ಲಕ್ಷನೆಯ ಕಲ್ಲು ಬಿತ್ತು. ಎಲ್ಲಿ ಅಂತೀರಿ? ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ್ದೇ ನ್ಯೂರೆಂಬರ್ಗ್‌ನಲ್ಲಿ.

ಮ್ಯೂನಿಕ್‌ನ ತಕರಾರನ್ನು ಸುಮ್ನೆ ಮೊಂಡುತನ ಎನ್ನಲಾಗದು. ಅಲ್ಲಿನ ಯಹೂದಿ ಸಮುದಾಯದ ಅಧ್ಯಕ್ಷೆ ಶಾರ್ಲೊಟ್ಟೆ ಕ್ನೋಬ್ಲೋಖ್ ಹುಟ್ಟಿದ್ದು 1932ರಲ್ಲಿ, ಅದೇ ಊರಿನಲ್ಲಿ. ಆರನೇ ವಯಸ್ಸಿಗೇ ಯಹೂದಿಗಳ ಮೇಲೆ ನಾಜಿಗಳು ನಡೆಸಿದ 1938ರ ನವೆಂಬರ್ ದಾಳಿಯನ್ನು ಕಣ್ಣಾರೆ ಕಂಡವರು, ಹಳ್ಳಿಯ ಮನೆಯೊಂದರಲ್ಲಿ ಅಡಗಿ ಬದುಕಿದವರು. ಸತ್ತವರ ಹೆಸರನ್ನು ಜನ ಮತ್ತೆ ಕಾಲಲ್ಲಿ ತುಳಿಯಬೇಕೇ, ಅದರ ಮೇಲೆ ಕೊಳೆ ಬೀಳಬೇಕೇ ಎಂಬುದು ಅವರ ಪ್ರಶ್ನೆ. ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

2004ರಲ್ಲಿ ನಗರಸಭೆ ಕಲ್ಲು ಬೇಡ ಎಂದಿತು. ಅದೇ ವರ್ಷ ಒಂದು ದಂಪತಿಯ ಹೆಸರಿನಲ್ಲಿ ಹಾಕಿದ್ದ ಎರಡು ಕಲ್ಲುಗಳನ್ನು ಕಿತ್ತು ತೆಗೆಸಿತು. ಆದರೆ ಕಲ್ಲು ಬೇಕು ಎಂದವರಲ್ಲೂ ಯಹೂದಿಗಳಿದ್ದರು, ಬಲಿಯಾದವರ ಸ್ವಂತ ಮಕ್ಕಳು ಮೊಮ್ಮಕ್ಕಳಿದ್ದರು. ಅಪ್ಪ ಅಮ್ಮನಿಗೆ ಸಮಾಧಿಯೇ ಇಲ್ಲದವರು ಅವರ ಮನೆ ಬಾಗಿಲಲ್ಲಿ ಹೆಸರು ಕೇಳುತ್ತಿದ್ದಾರೆ. ಅವರ ಮಾತಿಗೆ ಇನ್ನಷ್ಟು ತೂಕ ಸಿಗಬೇಕಿತ್ತು. 2015ರಲ್ಲಿ ನಗರಸಭೆ ಮತ್ತೆ ಬೇಡ ಎಂದಿತು. ಕೋರ್ಟಿಗೆ ಹೋದವರಿಗೂ ಗೆಲುವು ಸಿಗಲಿಲ್ಲ. ಹಾಗಾಗಿ ಅಲ್ಲಿ ಕಲ್ಲುಗಳು ಖಾಸಗಿ ಜಾಗ ಹುಡುಕಿಕೊಂಡವು. ಅಲ್ಲಿ ನಗರಸಭೆಯ ಕೈ ಓಡುವುದಿಲ್ಲ.

2018ರಿಂದ ಮ್ಯೂನಿಕ್‌ನದೇ ಬೇರೆ ಏರ್ಪಾಡು ಇದೆ. ಮನೆ ಮಾಲೀಕರು ಒಪ್ಪಿದರೆ ಗೋಡೆಗೆ ಚಿನ್ನದ ಬಣ್ಣದ ಫಲಕ. ಒಪ್ಪದಿದ್ದರೆ ಬೀದಿಯಲ್ಲಿ ಕಂಬ. ಎರಡೂ ಕಣ್ಣಿನೆತ್ತರಕ್ಕೆ ಇರುತ್ತವೆ. ಹತ್ತಿರದ ಆಗ್ಸ್‌ಬರ್ಗ್ ಮಾತ್ರ ಎರಡಕ್ಕೂ ಜಾಗ ಬಿಟ್ಟಿದೆ: ಸಂಬಂಧಿಕರು ಒಪ್ಪಿದರೆ ನೆಲಕ್ಕೆ ಕಲ್ಲು, ಅದು ಬೇಡವೆಂದರೆ ಕಂಬಕ್ಕೆ ಸುತ್ತುವ ಹೆಸರಿನ ಪಟ್ಟಿ.